ನನಗಾಗಿ ಕಾಯದ ಯುದ್ಧ

ಕಳೆದ ಜನವರಿಯ ಒಂದು ಶನಿವಾರ ರಾತ್ರಿ ಕೊರಿಯಾದ ಇಮ್ಜಿನ್ ನದಿಯ ಮೇಲಿನ ಒಂದು ಸೇತುವೆಯನ್ನು ಎರಡು ಬಾಂಬುಗಳಲ್ಲಿ ಉರುಳಿಸಿ, ಹಿಂದಿರುಗಿ ಕುನ್ಸಾನ್ ವಾಯುನೆಲೆಯಲ್ಲಿ ವಿಮಾನ ಇಳಿಸಿ, ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಊಟಕ್ಕೆ ಎದ್ದೆ. ಮನೆಯಲ್ಲಿ ಅಂದು ಅವರೆಕಾಳಿನ ಸಾರು, ಮುದ್ದೆ. ಹಾಗಾಗಿ ಊಟ ಅವಸರದಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಕೈತೊಳೆದುಕೊಂಡು ಬಂದು ನೋಡಿದರೆ ಪರದೆಯ ಮೇಲಿನ ಗಡಿಯಾರ ಮುಕ್ಕಾಲು ಗಂಟೆ ಮುಂದೆ ಹೋಗಿತ್ತು. ನಾನು ಹೋಗಬೇಕಿದ್ದ ಮುಂದಿನ ದಾಳಿಯ ತಂಡ ನಾನಿಲ್ಲದೆಯೇ ಹೊರಟುಹೋಗಿತ್ತು, ಹೋದ ನಾಲ್ಕು ವಿಮಾನಗಳಲ್ಲಿ ಎರಡು ಆಗಲೇ ನೆಲ ಕಂಡಿದ್ದವು, ನಮ್ಮ ಸ್ಕ್ವಾಡ್ರನ್ನಿನ ಪಟ್ಟಿಯಲ್ಲಿ ಎರಡು ಹೆಸರುಗಳು ಕಡಿಮೆಯಾಗಿದ್ದವು. ಗಡಿಯಾರವನ್ನು ನಿಲ್ಲಿಸಿ ಏಳದಿದ್ದದ್ದು ನನ್ನದೇ ತಪ್ಪು. ಆದರೂ ಆ ಪಟ್ಟಿಯ ಮುಂದೆ ಕುಳಿತಾಗ ನನಗೆ ಬಂದದ್ದು ಬೇಸರವಲ್ಲ, ಹಳೆಯ ಪರಿಚಯದ ಒಂದು ಬೆರಗು: ಈ ಆಟಕ್ಕೆ ಇವತ್ತಿಗೂ ನನ್ನ ಹಂಗಿಲ್ಲ.

ಆಟದ ಹೆಸರು ಫಾಲ್ಕನ್ 4.0. ಮೈಕ್ರೋಪ್ರೋಸ್ ಸಂಸ್ಥೆ ಅದನ್ನು ಬಿಡುಗಡೆ ಮಾಡಿದ್ದು 1998ರ ಡಿಸೆಂಬರಿನಲ್ಲಿ. ಆ ವರ್ಷ ಹುಟ್ಟಿದ ಹುಡುಗರು ಈಗ ನನ್ನ ಕಚೇರಿಯಲ್ಲಿ ನನ್ನ ಕೋಡಿನ ತಪ್ಪುಗಳನ್ನು ತಿದ್ದುತ್ತಾರೆ ಎಂದರೆ ಅದರ ವಯಸ್ಸು ಅರ್ಥವಾದೀತು. 1987ರಲ್ಲಿ ಸ್ಪೆಕ್ಟ್ರಮ್ ಹೋಲೋಬೈಟ್ ಕಂಪನಿ ತಂದ ಮೊದಲ ಫಾಲ್ಕನ್, 1991ರ ಫಾಲ್ಕನ್ 3.0, ಆಮೇಲೆ ಇದು. ಮೂರರಲ್ಲೂ ನೀವು ಕೂರುವುದು ಎಫ್-16 ಯುದ್ಧವಿಮಾನದಲ್ಲೇ. ಕಾದಾಟದ ವಿಮಾನಗಳ ಸಿಮ್ಯುಲೇಟರುಗಳಿಗೆ ಆ ದಶಕದಲ್ಲಿ ಬರವಿರಲಿಲ್ಲ. ಅದೇ 1998ರಲ್ಲಿ ಮೈಕ್ರೋಸಾಫ್ಟಿನ ಕಾಂಬ್ಯಾಟ್ ಫ್ಲೈಟ್ ಸಿಮ್ಯುಲೇಟರ್ ಬಂತು, ಮೈಕ್ರೋಪ್ರೋಸಿನದೇ ಯುರೋಪಿಯನ್ ಏರ್ ವಾರ್ ಬಂತು, ಮೂರು ವರ್ಷಗಳ ನಂತರ ಐಎಲ್-2 ಸ್ಟುರ್ಮೊವಿಕ್ ಬಂದು ಎರಡನೆಯ ಮಹಾಯುದ್ಧದ ವಿಮಾನಗಳನ್ನು ಹಾರಿಸುವ ಸುಖ ಏನೆಂಬುದನ್ನು ತೋರಿಸಿಕೊಟ್ಟಿತು. ಎಲ್ಲವನ್ನೂ ಆಡಿದ್ದೇನೆ, ಕೆಲವನ್ನು ಪ್ರೀತಿಸಿದ್ದೇನೆ. ಆದರೆ ಹಬ್ಬದ ರಜೆಗೆ ಊರಿಗೆ ಮರಳುವವರಂತೆ ನಾನು ಮತ್ತೆ ಮತ್ತೆ ಮರಳುವುದು ಇದೊಂದಕ್ಕೇ. ಯಾಕೆ ಎಂದು ಹೆಂಡತಿ ಕೇಳಿದಾಗಲೆಲ್ಲ ಸಮರ್ಪಕ ಉತ್ತರ ಕೊಡಲಾಗಿಲ್ಲ. ಇಲ್ಲಿ ಪ್ರಯತ್ನಿಸುತ್ತಿದ್ದೇನೆ.

ಬಹುಪಾಲು ಯುದ್ಧದ ಆಟಗಳಲ್ಲಿ ಯುದ್ಧ ಆಟಗಾರನಿಗಾಗಿ ಕಾದಿರುತ್ತದೆ. ಮೂವತ್ತೋ ನಲವತ್ತೋ ಕಾರ್ಯಾಚರಣೆಗಳ ಪಟ್ಟಿ ಇರುತ್ತದೆ. ಏಳನೆಯದನ್ನು ಗೆದ್ದರೆ ಎಂಟನೆಯದು ತೆರೆದುಕೊಳ್ಳುತ್ತದೆ, ಸೋತರೆ ಏಳನೆಯದೇ ಮತ್ತೆ ಮೊದಲಿನಿಂದ. ಶತ್ರು ವಿಮಾನಗಳು ಯಾವ ಮೋಡದ ಹಿಂದಿನಿಂದ, ಎಷ್ಟನೆಯ ನಿಮಿಷಕ್ಕೆ ಬರಬೇಕೆಂಬುದು ಮೊದಲೇ ಬರೆದಿಟ್ಟಿರುತ್ತದೆ. ನಮ್ಮ ಸಿನಿಮಾಗಳ ಹೊಡೆದಾಟದಲ್ಲಿ ಖಳನ ಕಡೆಯವರು ಸುತ್ತ ನಿಂತು, ಒಬ್ಬೊಬ್ಬರಾಗಿ ತಮ್ಮ ಸರದಿಗೆ ಬಂದು ಏಟು ತಿಂದು ಬೀಳುತ್ತಾರಲ್ಲ, ಅಂಥದ್ದೇ ಒಂದು ಸೌಜನ್ಯ ಆ ಆಟಗಳಲ್ಲಿರುತ್ತದೆ. ನಾಯಕ ಕಾಫಿ ಕುಡಿಯಲು ಎದ್ದರೆ ಲೋಕವೂ ಕೈಕಟ್ಟಿ ಕೂರುತ್ತದೆ.

ಫಾಲ್ಕನ್ 4.0ದಲ್ಲಿ ಅಂಥ ಪಟ್ಟಿಯೇ ಇಲ್ಲ. ಕೊರಿಯಾ ಪರ್ಯಾಯ ದ್ವೀಪದಲ್ಲಿ ಉತ್ತರ ಮತ್ತು ದಕ್ಷಿಣದ ನಡುವೆ ಯುದ್ಧ ಶುರುವಾಗುತ್ತದೆ ಎಂಬುದಷ್ಟೇ ಕಥೆ. ಆಮೇಲಿನದನ್ನು ಯಂತ್ರವೇ ನಡೆಸುತ್ತದೆ. ಎರಡೂ ಕಡೆಯ ಸೈನ್ಯದ ತುಕಡಿಗಳು ಮುಂದೊತ್ತುತ್ತವೆ, ಹಿಮ್ಮೆಟ್ಟುತ್ತವೆ. ಇಂಧನ ಮತ್ತು ಮದ್ದುಗುಂಡಿನ ಸರಬರಾಜು ರಸ್ತೆ, ಸೇತುವೆಗಳ ಮೂಲಕ ಹರಿಯುತ್ತದೆ, ಸೇತುವೆ ಬಿದ್ದರೆ ಟ್ಯಾಂಕುಗಳು ಬಳಸುದಾರಿ ಹಿಡಿಯುತ್ತವೆ, ಎಂಜಿನಿಯರುಗಳ ತುಕಡಿ ಬಂದು ಮುರಿದದ್ದನ್ನು ಕಟ್ಟುತ್ತದೆ. ಎರಡೂ ಕಡೆಯ ವಾಯುಪಡೆಗಳ ಹಾರಾಟದ ವೇಳಾಪಟ್ಟಿ ಆಗಿನ ಪರಿಸ್ಥಿತಿಗೆ ತಕ್ಕಂತೆ ತಯಾರಾಗುತ್ತಲೇ ಇರುತ್ತದೆ. ಆ ಉದ್ದನೆಯ ಪಟ್ಟಿಯಲ್ಲಿ ನಿಮ್ಮ ಸ್ಕ್ವಾಡ್ರನ್ನಿನ ಪಾಲಿಗೆ ಬಂದ ಯಾವುದಾದರೂ ಒಂದು ಹಾರಾಟವನ್ನು ನೀವು ಆರಿಸಿಕೊಳ್ಳಬಹುದು. ಆರಿಸಿಕೊಳ್ಳದಿದ್ದರೆ ಯಂತ್ರದ ಪೈಲಟ್ ಅದನ್ನು ಹಾರಿಸುತ್ತಾನೆ, ನಿಮಗಿಂತ ಚೆನ್ನಾಗಿಯೋ ಕೆಟ್ಟದಾಗಿಯೋ. ಗುರಿಯ ಹತ್ತಿರ ಹೋದಾಗ ಅದನ್ನು ಬೇರೆ ಯಾರೋ ಆಗಲೇ ಸುಟ್ಟುಹಾಕಿರುವುದೂ ಉಂಟು. ಮೈಯೆಲ್ಲ ಬಾಂಬು ಹೊತ್ತು ಅಷ್ಟು ದೂರ ಹೋಗಿ, ಸುಮ್ಮನೆ ಒಂದು ಸುತ್ತು ಹೊಡೆದು, ಹೊತ್ತದ್ದನ್ನು ಹೊತ್ತುಕೊಂಡೇ ಮರಳುವುದರಲ್ಲಿ ಎಂಥ ಆಟ ಎಂದು ಕೇಳುವವರಿಗೆ ನಾನು ಕುರುಕ್ಷೇತ್ರದ ಹದಿಮೂರನೆಯ ದಿನವನ್ನು ನೆನಪಿಸುತ್ತೇನೆ. ಅಂದು ಅರ್ಜುನ ರಣರಂಗದ ಬೇರೊಂದು ಮೂಲೆಯಲ್ಲಿ ಸಂಶಪ್ತಕರೊಡನೆ ಕಾದಾಡುತ್ತಿದ್ದ. ಅವನು ಗೆಲ್ಲುತ್ತಲೇ ಇದ್ದ. ಅದೇ ಹೊತ್ತಿಗೆ ಈ ಕಡೆ ಚಕ್ರವ್ಯೂಹದೊಳಗೆ ಅಭಿಮನ್ಯು ಸತ್ತ. ಅಂಥ ಮಹಾವೀರನಿಗೂ ಒಂದು ಹೊತ್ತಿಗೆ ಒಂದೇ ಮೂಲೆ. ಯುದ್ಧವೆಂದರೆ ಹೀಗೆಯೇ ಇರುತ್ತದೆಂಬುದು ನಮಗೆ ಕಥೆ ಕೇಳುವ ವಯಸ್ಸಿನಿಂದ ಗೊತ್ತು. ಆಟ ತಯಾರಿಸುವವರು ಮಾತ್ರ ಅದನ್ನು ಆಟಗಾರನಿಂದ ಮುಚ್ಚಿಡುತ್ತಾರೆ.

ಇದೆಲ್ಲ ಆ ಕಾಲದ ಯಂತ್ರಗಳಲ್ಲಿ ಹೇಗೆ ನಡೆಯಿತೆಂಬುದು, ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವ ನನಗೆ ಇಡೀ ಆಟದ ಅತ್ಯಂತ ಸುಂದರವಾದ ಭಾಗ. ಸಾವಿರಾರು ವಾಹನಗಳ, ನೂರಾರು ವಿಮಾನಗಳ ಚಲನೆಯನ್ನು ಒಂದೊಂದಾಗಿ ಲೆಕ್ಕ ಹಾಕುವ ಶಕ್ತಿ ಅಂದಿನ ಪೆಂಟಿಯಂಗಳಿಗೆ ಇರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಒಂದು ಗುಳ್ಳೆ; ಆಡುವವರೆಲ್ಲ ಅದನ್ನು ಬಬಲ್ ಎಂದೇ ಕರೆಯುತ್ತಾರೆ. ನಿಮ್ಮ ವಿಮಾನದ ಸುತ್ತ ಕಣ್ಣಿಗೆ ಕಾಣದ ಗುಳ್ಳೆಯೊಂದು ನಿಮ್ಮೊಡನೆಯೇ ಚಲಿಸುತ್ತದೆ. ಗುಳ್ಳೆಯ ಹೊರಗಿನ ಟ್ಯಾಂಕ್ ತುಕಡಿ ನಕಾಶೆಯ ಮೇಲಿನ ಒಂದು ಚುಕ್ಕೆ ಮಾತ್ರ, ಅದಕ್ಕೊಂದು ಸಂಖ್ಯೆ, ಒಂದು ದಿಕ್ಕು, ಒಂದಿಷ್ಟು ಬಲ; ಅಂಥ ಎರಡು ಚುಕ್ಕೆಗಳು ಎದುರಾದರೆ ಸೋಲುಗೆಲುವನ್ನು ಗಣಿತ ತೀರ್ಮಾನಿಸುತ್ತದೆ. ನೀವು ಹತ್ತಿರ ಹೋದಂತೆ ಗುಳ್ಳೆಯ ಅಂಚು ಆ ಚುಕ್ಕೆಯನ್ನು ತಾಕುತ್ತದೆ, ಚುಕ್ಕೆ ಒಡೆದು ಒಂದೊಂದು ಟ್ಯಾಂಕಾಗಿ, ಲಾರಿಯಾಗಿ, ವಿಮಾನ ನಿರೋಧಕ ತೋಪಾಗಿ ಬಿಚ್ಚಿಕೊಳ್ಳುತ್ತದೆ. ನೀವು ದಾಟಿ ಹೋದ ಮೇಲೆ, ಉಳಿದವೆಲ್ಲ ಮತ್ತೆ ಮಡಚಿಕೊಂಡು ಚುಕ್ಕೆಯಾಗುತ್ತವೆ, ನೀವು ಸುಟ್ಟ ಮೂರು ಟ್ಯಾಂಕುಗಳನ್ನು ಕಳೆದು. ಮುರುಗೇಶಪಾಳ್ಯದಲ್ಲಿ ಕುಳಿತ ನನಗೆ ಕೆಂಗೇರಿಯ ಸಂಜೆಯ ದಟ್ಟಣೆ ಮೊಬೈಲಿನ ನಕಾಶೆಯ ಮೇಲಿನ ಒಂದು ಕೆಂಪು ಗೆರೆ. ಅಲ್ಲಿಗೆ ಹೋದ ಮೇಲಷ್ಟೇ ಆ ಗೆರೆ ಬಸ್ಸು, ಆಟೋ, ಹಾರ್ನು, ಬೈಗುಳಗಳಾಗಿ ಒಡೆಯುತ್ತದೆ. ಹಾಗೆಂದು ನಾನು ಹೋಗದ ದಿನ ಕೆಂಗೇರಿಯಲ್ಲಿ ದಟ್ಟಣೆ ಇರುವುದಿಲ್ಲವೇ?

ಗುಳ್ಳೆಯ ಅಂಚಿನಲ್ಲಿ ಕಾಣುವುದೇ ಈ ಆಟದ ನಿಜವಾದ ರುಚಿ. ಒಂದು ರಾತ್ರಿಯ ಹಾರಾಟ ಚೆನ್ನಾಗಿ ನೆನಪಿದೆ. ನನ್ನ ಕೆಲಸ ಮುಗಿದಿತ್ತು, ಇಂಧನ ಬಿಂಗೋ ಮಟ್ಟಕ್ಕೆ ಬಂದಿತ್ತು, ಅಂದರೆ ಮನೆಗೆ ಮರಳಲು ಎಷ್ಟು ಬೇಕೋ ಅಷ್ಟೇ ಉಳಿದಿತ್ತು. ದಕ್ಷಿಣಕ್ಕೆ ತಿರುಗಿ, ದೀಪಗಳನ್ನು ತಗ್ಗಿಸಿ ಹೊರಟಿದ್ದಾಗ ಎಡಗಡೆ ಬಹುದೂರದಲ್ಲಿ ನೆಲದಿಂದ ಎರಡು ಬೆಳಕಿನ ಗೆರೆಗಳು ಎದ್ದವು. ಕ್ಷಿಪಣಿಗಳು. ನನ್ನ ಎಚ್ಚರಿಕೆಯ ಯಂತ್ರ ಮೌನವಾಗಿತ್ತು, ಅವು ನನ್ನ ಮೇಲೆ ಬಿಟ್ಟವಲ್ಲ. ರೇಡಿಯೋದಲ್ಲಿ ಯಾವುದೋ ತಂಡದವನು ತನ್ನ ಜೊತೆಗಾರನಿಗೆ ಏನೋ ಕೂಗಿ ಹೇಳಿದ, ನನಗಲ್ಲ. ಒಂದು ಗೆರೆ ಆರಿಹೋಯಿತು, ಇನ್ನೊಂದರ ತುದಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಹೂವೊಂದು ಅರಳಿ ನಿಧಾನವಾಗಿ ಕೆಳಗಿಳಿಯತೊಡಗಿತು. ನನ್ನಲ್ಲಿ ಆ ಕಡೆ ತಿರುಗುವಷ್ಟು ಇಂಧನವಿರಲಿಲ್ಲ, ತಿರುಗಿದ್ದರೂ ಮಾಡುವುದೇನೂ ಇರಲಿಲ್ಲ. ಅದನ್ನು ಯಾವ ಕಥೆಗಾರನೂ ನನಗೆಂದು ಬರೆದಿಟ್ಟಿರಲಿಲ್ಲ. ನಾನು ಆ ಹೊತ್ತಿಗೆ ಅಲ್ಲಿಂದ ಹಾದು ಹೋಗದಿದ್ದರೆ ಅದು ಎರಡು ಸಂಖ್ಯೆಗಳ ನಡುವಿನ ಒಂದು ವ್ಯವಕಲನವಾಗಿ ಮುಗಿದುಹೋಗುತ್ತಿತ್ತು. ನೂರು ಗೆಲುವುಗಳು ಮರೆತುಹೋಗಿವೆ, ಆ ಹೂವು ಮರೆತಿಲ್ಲ.

ಈ ಆಟ ನನ್ನ ಕೈಗೆ ಬಂದ ಬಗೆ ಹೇಳಿಕೊಳ್ಳುವಂಥದ್ದಲ್ಲ. 1999ರಲ್ಲಿ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಆಗ ಬೆಂಗಳೂರಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನ ಸಕಲವೂ ದೊರೆಯುತ್ತಿದ್ದದ್ದು ಎಸ್.ಪಿ. ರಸ್ತೆಯಲ್ಲಿ. ಆ ಎಸ್.ಪಿ. ಎಂದರೆ ಸಾದರ ಪತ್ರಪ್ಪ ಎಂಬುದು ಅಲ್ಲಿ ವ್ಯಾಪಾರ ಮಾಡುವ ಎಷ್ಟೋ ಜನರಿಗೂ ತಿಳಿದಿರಲಿಲ್ಲ. ಮೆಟ್ಟಿಲ ಕೆಳಗಿನ ಒಂದು ಗೂಡಂಗಡಿಯಲ್ಲಿ, ಮಾರ್ಕರ್ ಪೆನ್ನಿನಿಂದ ಹೆಸರು ಗೀಚಿದ ನಕಲಿ ಸಿಡಿಯೊಂದನ್ನು ಕೊಂಡು ತಂದೆ. ಅದು ಮೂರನೆಯ ಸಲ ಹಾಕುವಷ್ಟರಲ್ಲಿ ಓದುವುದನ್ನು ನಿಲ್ಲಿಸಿತು, ಹಿಂತಿರುಗಿಸಲು ಹೋದರೆ ಅಂಗಡಿಯವನು ನನ್ನ ಸಿಡಿ ಡ್ರೈವಿನ ಜಾತಕವನ್ನೇ ಬೈದ. ಎರಡನೆಯ ಪ್ರತಿ ಓಡಿತು. ಆದರೆ ಅಸಲಿ ಪೆಟ್ಟಿಗೆಯಲ್ಲಿ ಸುಮಾರು 600 ಪುಟಗಳ ಕೈಪಿಡಿ, ರಿಂಗುಗಳಲ್ಲಿ ಪೋಣಿಸಿದ್ದು, ಬರುತ್ತಿತ್ತಂತೆ. ನನ್ನ ಪ್ರತಿಗೆ ಒಂದು ಚೀಟಿಯೂ ಇರಲಿಲ್ಲ. ಕೈಪಿಡಿ ಇಲ್ಲದೆ ಫಾಲ್ಕನ್ ಆಡುವುದು ಎಂದರೆ ವೀಣೆಯನ್ನು ಕಟ್ಟಿಗೆಯೆಂದು ತಿಳಿದು ಒಲೆಗೆ ಹಾಕಿದಂತೆ. ಎರಡು ತಿಂಗಳ ಕಾಲ ನಾನು ರನ್‌ವೇಯಿಂದ ಮೇಲೆದ್ದದ್ದೇ ಅಪರೂಪ. ಕೊನೆಗೆ ಸಹಪಾಠಿಯೊಬ್ಬನ ಅಣ್ಣ ಅಮೆರಿಕದಿಂದ ತಂದಿದ್ದ ಅಸಲಿ ಕೈಪಿಡಿಯನ್ನು ವಾರದ ಮಟ್ಟಿಗೆ ಬೇಡಿ ತಂದು, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಧದಷ್ಟನ್ನು ನಕಲು ಮಾಡಿಸಿದೆ. ಪೂರ್ತಿ ಮಾಡಿಸಲು ದುಡ್ಡಿರಲಿಲ್ಲ. ಬಿಟ್ಟ ಅಧ್ಯಾಯಗಳಲ್ಲಿ ವಿಮಾನ ಇಳಿಸುವುದೂ ಒಂದು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು.

ಆ ನಕಲನ್ನು ನನಗಿಂತ ಮೊದಲು ಆಮೂಲಾಗ್ರವಾಗಿ ಓದಿದವರು ನನ್ನ ತಂದೆ. ಅವರು ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ತಂತ್ರಜ್ಞರಾಗಿದ್ದವರು. ಇಂಗ್ಲಿಷ್ ನಿಧಾನ, ಆದರೆ ಯಂತ್ರದ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮಗ ಮಾರ್ಕ್ಸ್ ಕಾರ್ಡಿನ ಬಗ್ಗೆ ಏನೋ ಮುಚ್ಚಿಡುತ್ತಿದ್ದಾನೆಂಬ ಅನುಮಾನದಿಂದ ಆ ಕಟ್ಟನ್ನು ಕೈಗೆತ್ತಿಕೊಂಡವರು, ಎಂಜಿನ್ ಚಾಲೂ ಮಾಡುವ ಪುಟಕ್ಕೆ ಬಂದು ಅಲ್ಲಿಯೇ ನಿಂತರು. ಎಫ್-16ರ ಎಂಜಿನ್ನನ್ನು ಕೀಲಿ ತಿರುಗಿಸಿ ಚಾಲೂ ಮಾಡಲಾಗುವುದಿಲ್ಲ. ಮೊದಲು ಬ್ಯಾಟರಿ, ಆಮೇಲೆ ಜೆಟ್ ಫ್ಯುಯಲ್ ಸ್ಟಾರ್ಟರ್ ಎಂಬ ಪುಟ್ಟ ಟರ್ಬೈನು. ಅದು ಕೀಚಲು ದನಿಯಲ್ಲಿ ಏರುತ್ತಾ ದೊಡ್ಡ ಎಂಜಿನ್ನನ್ನು ತಿರುಗಿಸಬೇಕು. ವೇಗ ಶೇಕಡಾ 20 ದಾಟಿದ ಮೇಲೆ ಥ್ರಾಟಲ್ ಎಂಬ ಇಂಧನದ ಹಿಡಿಯನ್ನು ಐಡಲ್‌ಗೆ ತಂದು ಇಂಧನ ಬಿಡಬೇಕು. ಬಿಟ್ಟ ಮೇಲೆ ಕಣ್ಣು ತಾಪಮಾನದ ಮುಳ್ಳಿನ ಮೇಲೆ ಇರಬೇಕು. ನಾನು ಒಮ್ಮೆ ಅವರ ಮುಂದೆ ಅದನ್ನು ಮಾಡಿ ತೋರಿಸಲು ಹೋಗಿ ಅವಸರದಲ್ಲಿ ಥ್ರಾಟಲ್ ಮುಂದೊತ್ತಿದೆ. "ಏ, ಗಾಳಿ ಎಲ್ಲಿದೆಯೋ ಇನ್ನೂ?" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಎಂಜಿನ್ ಸಾಕಷ್ಟು ವೇಗವಾಗಿ ತಿರುಗದೆ ಒಳಗೆ ಗಾಳಿ ಸಾಲುವುದಿಲ್ಲ, ಗಾಳಿ ಸಾಲದೆ ಇಂಧನ ಸುರಿದರೆ ಒಳಗಿನ ಬಿಸಿ ಮಿತಿಮೀರಿ ಟರ್ಬೈನಿನ ಅಲಗುಗಳು ಹಾಳಾಗುತ್ತವೆ. ಹಾಟ್ ಸ್ಟಾರ್ಟ್ ಎನ್ನುತ್ತಾರೆ. ಅಂಥ ಅಲಗುಗಳನ್ನು ಕೈಯಲ್ಲಿ ಹಿಡಿದು ನೋಡಿದ್ದ ಮನುಷ್ಯನಿಗೆ ಹದಿನೈದು ಅಂಗುಲದ ಪರದೆಯ ಮೇಲಿನ ಎಂಜಿನ್ನಿಗೂ ಜೀವ ಹೊಡೆದುಕೊಂಡಿತ್ತು. ಶತ್ರು ವಿಮಾನ ಹೊಡೆಯುವುದರಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಮುಳ್ಳುಗಳೆಲ್ಲ ತಮ್ಮ ಜಾಗಕ್ಕೆ ಬಂದು ನಿಂತದ್ದನ್ನು ನೋಡಿ, "ಇನ್ನು ನೀನುಂಟು, ನಿನ್ನ ಯುದ್ಧ ಉಂಟು" ಎಂದು ಎದ್ದುಹೋಗುತ್ತಿದ್ದರು. ಟಿ.ವಿ.ಯಲ್ಲಿ ಕಾರ್ಗಿಲ್ ಸುದ್ದಿ ಬರುತ್ತಿದ್ದ ದಿನಗಳವು. ಸುದ್ದಿ ಶುರುವಾದರೆ ಕಂಪ್ಯೂಟರ್ ಆರಿಸಬೇಕೆಂಬುದು ಅಮ್ಮನ ಕಟ್ಟಪ್ಪಣೆ.

ಆಟ ಹುಳುಕಿನಿಂದ ಕೂಡಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಅದನ್ನು ಅವಸರದಲ್ಲಿ, ಹಣ್ಣಾಗುವ ಮೊದಲೇ ಮಾರುಕಟ್ಟೆಗೆ ತಂದಿದ್ದರು. ಹಾರುತ್ತಿದ್ದಂತೆ ಕಿಟಕಿ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸಿಕೊಳ್ಳುವುದು ಅಂದಿನ ಆಟಗಾರರಿಗೆ ಶತ್ರುವಿನ ಕ್ಷಿಪಣಿಗಿಂತ ದೊಡ್ಡ ಭಯ. ನಮ್ಮ ಬಡಾವಣೆಯಲ್ಲಿ ವಿದ್ಯುತ್ ಹೋಗುವುದೂ ಸೇರಿ, ಒಂದು ಹಾರಾಟವನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಿದರೆ ಅದೇ ಪದಕ. ದೋಷ ತಿದ್ದುವ ತೇಪೆಗಳು ಬಂದವು, ಪರಿಸ್ಥಿತಿ ಸುಧಾರಿಸಿತು. ಅಷ್ಟರಲ್ಲಿ ಮೈಕ್ರೋಪ್ರೋಸನ್ನು ಕೊಂಡಿದ್ದ ಹ್ಯಾಸ್‌ಬ್ರೋ ಕಂಪನಿ 1999ರ ಕೊನೆಯ ಹೊತ್ತಿಗೆ ಆಟದ ತಂಡವನ್ನೇ ಮುಚ್ಚಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

2000ದ ಏಪ್ರಿಲಿನಲ್ಲಿ ಆಟದ ಮೂಲ ಕೋಡ್ ಅಂತರ್ಜಾಲಕ್ಕೆ ಸೋರಿತು. ಅದು ತಪ್ಪು, ಕದ್ದದ್ದು ಕದ್ದದ್ದೇ, ನನ್ನ ಗೂಡಂಗಡಿಯ ಸಿಡಿಯಂತೆ. ಆದರೆ ಆ ಸೋರಿಕೆ ಇಲ್ಲದಿದ್ದರೆ ಇಂದು ಈ ಬರಹವಿರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಹಗಲು ಬೇರೆ ಬೇರೆ ಕೆಲಸ ಮಾಡುವ ಜನ ರಾತ್ರಿ ಕುಳಿತು ಆ ಕೋಡನ್ನು ರಿಪೇರಿ ಮಾಡಿದರು, ಒಂದು ಗುಂಪು ಒಡೆದು ನಾಲ್ಕಾಯಿತು, ಜಗಳಗಳಾದವು. ಸೂಪರ್‌ಪ್ಯಾಕ್, ಫ್ರೀಫಾಲ್ಕನ್, ಓಪನ್‌ಫಾಲ್ಕನ್ ಎಂದೆಲ್ಲ ಹೆಸರುಗಳು ಬಂದುಹೋದವು. 2005ರಲ್ಲಿ ಲೀಡ್ ಪರ್ಸ್ಯೂಟ್ ಎಂಬ ತಂಡ ಅಧಿಕೃತ ಪರವಾನಗಿ ಪಡೆದು ಅಲೈಡ್ ಫೋರ್ಸ್ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ಮಾರಿತು. ಕೊನೆಗೆ ಗಟ್ಟಿಯಾಗಿ ನಿಂತದ್ದು ಬೆಂಚ್‌ಮಾರ್ಕ್ ಸಿಮ್ಸ್, ಅಂದರೆ ಬಿಎಂಎಸ್. ಅವರು ಅದನ್ನು ಉಚಿತವಾಗಿ ಕೊಡುತ್ತಾರೆ, ಆದರೆ ನಿಮ್ಮ ಬಳಿ 1998ರ ಅಸಲಿ ಫಾಲ್ಕನ್ ಇದೆಯೇ ಎಂದು ಪರೀಕ್ಷಿಸಿಯೇ ಅನುಸ್ಥಾಪನೆಗೆ ಬಿಡುತ್ತಾರೆ. ಈ ಒಂದು ಷರತ್ತಿನಿಂದಾಗಿ, ವಿದ್ಯಾರ್ಥಿ ದೆಸೆಯಲ್ಲಿ ನಕಲು ಸಿಡಿ ಕೊಂಡಿದ್ದ ನಾನು ಎಷ್ಟೋ ವರ್ಷಗಳ ನಂತರ ಅಸಲಿ ಆಟಕ್ಕೆ ದುಡ್ಡು ಕೊಟ್ಟೆ. ತಡವಾಗಿ ತೀರಿಸಿದ ಸಾಲಕ್ಕೆ ಒಂದು ನೆಮ್ಮದಿ ಇರುತ್ತದೆ. ಫಾಲ್ಕನ್ನಿನ ಹಕ್ಕುಗಳು ಕೈಯಿಂದ ಕೈಗೆ ಅಲೆದು, ಮರುಹುಟ್ಟು ಪಡೆದ ಮೈಕ್ರೋಪ್ರೋಸಿಗೆ 2023ರಲ್ಲಿ ಮರಳಿದವು.

ಇಷ್ಟು ಜನ ಇಷ್ಟು ವರ್ಷ ಯಾಕೆ ಬೆವರು ಸುರಿಸಿದರೆಂದು ಯೋಚಿಸಿದರೆ ಮತ್ತೆ ಅದೇ ಕಾಯದ ಯುದ್ಧಕ್ಕೆ ಬಂದು ನಿಲ್ಲುತ್ತೇನೆ. ಚಿತ್ರಗಳ ಚೆಲುವು ಬೇಕಿದ್ದರೆ ಡಿಸಿಎಸ್ ಎಂಬ ಇನ್ನೊಂದು ಸಿಮ್ಯುಲೇಟರ್ ಇದೆ. ಅದರ ಎಫ್-16 2019ರಲ್ಲಿ ಬಂತು, ಕಾಕ್‌ಪಿಟ್ಟಿನ ಬಣ್ಣ ಕಿತ್ತುಹೋದ ಅಂಚುಗಳೂ ಕಾಣುವಷ್ಟು ಸೊಗಸಾಗಿದೆ. ನಾನು ಅದನ್ನೂ ಕೊಂಡೆ, ಹಾರಿಸಿದೆ, ಮೆಚ್ಚಿದೆ, ಮೂರು ವಾರಕ್ಕೆ ಬಿಟ್ಟೆ. ಅಲ್ಲಿ ವಿಮಾನ ಜೀವಂತ, ಆದರೆ ಸುತ್ತಲಿನ ಲೋಕ ಯಾರೋ ಜೋಡಿಸಿಟ್ಟ ದಸರಾ ಗೊಂಬೆಗಳಂತೆ ನಿಂತಿರುತ್ತದೆ. ತಾನಾಗಿ ನಡೆಯುವ ಯುದ್ಧ ಅದರಲ್ಲಿಯೂ ಬರುತ್ತದೆ ಎಂಬ ಮಾತನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಬಂದರೆ ಸಂತೋಷ. ಕಾಕ್‌ಪಿಟ್ ಬಿಡಿಸುವುದಕ್ಕಿಂತ ಅದು ಕಷ್ಟದ ಕೆಲಸ. ಬಿಡಿಸಿದ್ದು ಕಣ್ಣಿಗೆ ಕಾಣುತ್ತದೆ, ಮಾರಾಟವಾಗುತ್ತದೆ. ಗುಳ್ಳೆಯ ಹೊರಗಿನ ಲೆಕ್ಕಾಚಾರ ಯಾರಿಗೂ ಕಾಣುವುದಿಲ್ಲ. ಯಾರೂ ನೋಡದ ಭಾಗಕ್ಕೆ ಅಷ್ಟು ಶ್ರಮ ಹಾಕಲು ಯಾವ ಮ್ಯಾನೇಜರ್ ಒಪ್ಪಿಯಾನು ಎಂದು, ಅಂಥ ಮ್ಯಾನೇಜರುಗಳ ಕೈಕೆಳಗೆ ಎರಡು ದಶಕ ದುಡಿದ ನನಗೆ ಇವತ್ತಿಗೂ ಅಚ್ಚರಿ.

ಸಿಮ್ಯುಲೇಟರ್ ಎಂದರೆ ಹುಡುಗಾಟ ಎಂದು ಮೂಗು ಮುರಿಯುವವರು ಬೆಂಗಳೂರಿನಲ್ಲಿ ಇರಬಾರದು. ತೇಜಸ್ ಹಾರುವ ಎಷ್ಟೋ ವರ್ಷ ಮೊದಲೇ ಅದನ್ನು ಇದೇ ಊರಿನ ಎಂಜಿನಿಯರುಗಳು ಸಿಮ್ಯುಲೇಟರುಗಳಲ್ಲಿ ಹಾರಿಸಿದ್ದರು. ಎಫ್-16ರಂತೆ ತೇಜಸ್ ಕೂಡ ಬೇಕೆಂದೇ ಅಸ್ಥಿರವಾಗಿ ರೂಪಿಸಿದ ವಿಮಾನ. ಗಣಕ ಕ್ಷಣಕ್ಷಣಕ್ಕೂ ಸರಿದೂಗಿಸದಿದ್ದರೆ ಅದನ್ನು ಯಾವ ಪೈಲಟ್ಟೂ ಹಿಡಿದಿಡಲಾರ. ಆ ಗಣಕದ ನಿಯಮಗಳನ್ನು ಆಕಾಶದಲ್ಲಿ ಪರೀಕ್ಷಿಸಲು ನಮ್ಮವರು 1996ರಲ್ಲಿ ಅಮೆರಿಕಕ್ಕೆ ಹೋಗಿ ಬಳಸಿದ್ದು ವಿಸ್ಟಾ ಎಂಬ ವಿಶೇಷ ಎಫ್-16 ವಿಮಾನವನ್ನು. ಬೇರೆ ವಿಮಾನದ ಗುಣಸ್ವಭಾವವನ್ನು ಆವಾಹಿಸಿಕೊಂಡು ಹಾರಬಲ್ಲ ವಿಮಾನ ಅದು. ಅಂದರೆ ನಾನು ಮುರುಗೇಶಪಾಳ್ಯದಲ್ಲಿ ಕುಳಿತು ಎಫ್-16ರ ವೇಷ ಹಾಕುವುದಕ್ಕೆ ಮೂರು ವರ್ಷ ಮೊದಲು, ಒಂದು ಎಫ್-16 ಬೆಂಗಳೂರಿನ ವಿಮಾನದ ವೇಷ ಹಾಕಿ ಕುಣಿದಿತ್ತು. 1998ರ ಮೇ ತಿಂಗಳ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು, ಆ ಸಹಕಾರ ನಿಂತಿತು, ಉಳಿದದ್ದನ್ನು ಇಲ್ಲಿಯೇ ಮಾಡಿ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದನ್ನು ಮೊದಲ ಬಾರಿಗೆ ಮೇಲೆತ್ತಿದಾಗ ನಾನು ಮನೆಯ ತಾರಸಿಯ ಮೇಲಿದ್ದೆ. ಅಪ್ಪ ನೋಡಲಿಲ್ಲ, ಕೇಳಿಸಿಕೊಂಡರು, ಅಷ್ಟೇ ಸಾಕು ಎಂದರು.

ನಿಜವಾದ ಎಫ್-16ನ್ನು ನಾನು ಕಂಡದ್ದು 2007ರ ಏರೋ ಇಂಡಿಯಾದಲ್ಲಿ, ಯಲಹಂಕದಲ್ಲಿ. ರತನ್ ಟಾಟಾ ಅದರಲ್ಲಿ ಸಹಪೈಲಟ್ಟಾಗಿ ಹಾರಿ ಪತ್ರಿಕೆಗಳ ಮುಖಪುಟಕ್ಕೆ ಬಂದ ವರ್ಷವದು. ಬಿಸಿಲಿನಲ್ಲಿ ಕಾಂಕ್ರೀಟಿನ ಮೇಲೆ ನಿಂತ ವಿಮಾನದ ಸುತ್ತ ಹಗ್ಗ ಕಟ್ಟಿದ್ದರು, ನಾನು ಹಗ್ಗದ ಉದ್ದಕ್ಕೂ ಎರಡು ಸುತ್ತು ಬಂದೆ. ಎಂಟು ವರ್ಷ ಒಳಗೆ ಬಾಳಿದ ಮನೆಯನ್ನು ಮೊದಲ ಸಲ ಬೀದಿಯಲ್ಲಿ ನಿಂತು ನೋಡಿದ ಹಾಗಿತ್ತು. ಅದರ ಹೊಟ್ಟೆಯ ಕೆಳಗಿನ ಗಾಳಿಬಾಯಿ ಅಷ್ಟು ದೊಡ್ಡದೆಂದು, ಚಕ್ರಗಳು ಅಷ್ಟು ಸಣಕಲೆಂದು ನನಗೆ ಗೊತ್ತೇ ಇರಲಿಲ್ಲ. ಆದರೆ ಮೇಲಿನ ಗಾಜಿನ ಗುಮ್ಮಟದೊಳಗೆ, ನನಗೆ ಕಾಣದ ಬಲಬದಿಯಲ್ಲಿ, ಕೈಗೆ ಒತ್ತಿದಷ್ಟೇ ತಿಳಿಯುವ, ಹೆಚ್ಚುಕಡಿಮೆ ಅಲುಗಾಡದ ಆ ಪುಟ್ಟ ಕಂಟ್ರೋಲ್ ಸ್ಟಿಕ್ ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದೆ. ಆ ಸ್ಟಿಕ್ ಮೊದಮೊದಲು ಒಂದಿಷ್ಟೂ ಅಲುಗುತ್ತಿರಲಿಲ್ಲವಂತೆ. ಏನನ್ನೂ ಚಲಿಸದೆ ವಿಮಾನ ತಿರುಗಿಸುವುದು ಪೈಲಟ್ಟುಗಳಿಗೆ ಒಗ್ಗದೆ, ಆಮೇಲೆ ಸಮಾಧಾನಕ್ಕೆಂದು ಕೂದಲೆಳೆಯಷ್ಟು ಚಲನೆ ಕೊಟ್ಟರು.

ಒಂದು ವಿಷಯದಲ್ಲಿ ಮಾತ್ರ ಈ ಆಟದೊಡನೆ ನನಗೆ ಸಮಾಧಾನವಿಲ್ಲ. ಅದರ ಯುದ್ಧದಲ್ಲಿ ತುಕಡಿಗಳಿವೆ, ಕಾರ್ಖಾನೆಗಳಿವೆ, ವಿದ್ಯುತ್ ಸ್ಥಾವರಗಳಿವೆ, ಊರುಗಳಿಗೆ ಹೆಸರುಗಳಿವೆ. ಊರುಗಳಲ್ಲಿ ಜನ ಇಲ್ಲ. ಸಿಯೋಲ್ ನಗರದ ಮೇಲೆ ಎಷ್ಟು ಸಲ ಹಾರಿದ್ದೇನೋ, ಒಬ್ಬ ಮನುಷ್ಯನನ್ನೂ ಕಂಡಿಲ್ಲ. ಗುಳ್ಳೆ ಎಷ್ಟು ಹಿಗ್ಗಿದರೂ ಅವರು ಅದರೊಳಗೆ ಬರುವುದಿಲ್ಲ, ಅವರು ಸಂಖ್ಯೆಯಾಗಿಯೂ ಇಲ್ಲ. ಕೆಲವು ವರ್ಷಗಳ ಹಿಂದೆ ಕೊರಿಯಾದಿಂದ ನಮ್ಮ ಕಚೇರಿಗೆ ಬಂದಿದ್ದ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಬಂದಿದ್ದರು. ಮೇಜಿನ ಮೇಲಿನ ಜಾಯ್‌ಸ್ಟಿಕ್ ನೋಡಿ ಯಾವ ಆಟ ಎಂದು ಕುತೂಹಲದಿಂದ ಕೇಳಿದರು. ವಿಮಾನ ಹಾರಿಸುವ ಆಟ ಎಂದೆ. ಯಾವ ದೇಶದ ಮೇಲೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಜನವರಿಯ ಆ ಶನಿವಾರದ ನಂತರ ಅದೇ ಯುದ್ಧವನ್ನು ಮುಂದುವರಿಸುತ್ತಿದ್ದೇನೆ. ಸಮಯ ಸಿಕ್ಕಾಗ, ವಾರಕ್ಕೊಂದು ಹಾರಾಟ. ಅಪ್ಪನಿಗೆ ಈಗ ಕಣ್ಣು ಮಂದ. ಪಕ್ಕದ ಕುರ್ಚಿಯಲ್ಲಿ ಕುಳಿತು ಸ್ಟಾರ್ಟರಿನ ಕೀಚಲು ದನಿ ಏರುವುದನ್ನು ಕೇಳಿಸಿಕೊಂಡು, "ಈಗ ಬಿಡು" ಎನ್ನುತ್ತಾರೆ. ನಾನು ಮುಳ್ಳು ನೋಡುತ್ತೇನೆ, 20 ದಾಟಿರುತ್ತದೆ. ಕಳೆದ ಭಾನುವಾರ ನಮ್ಮ ತಂಡಕ್ಕೆ ಉತ್ತರದ ಒಂದು ರಡಾರ್ ನೆಲೆಯ ಕೆಲಸ ಬಂದಿತ್ತು. ದಾರಿ ಇಮ್ಜಿನ್ ನದಿಯ ಮೇಲೆಯೇ ಹೋಗುತ್ತಿತ್ತು. 20,000 ಅಡಿಯಿಂದ ಕೆಳಗೆ ನೋಡಿದೆ. ನದಿ ಬೂದುಬಣ್ಣದ ಪಟ್ಟಿಯಂತೆ ಹರಡಿತ್ತು, ಅದರ ಮೇಲೆ ನಾನು ಬೀಳಿಸಿದ್ದ ಸೇತುವೆ ಎದ್ದು ನಿಂತಿತ್ತು. ಯಾವ ದಿನ, ಯಾವ ಹೊತ್ತಿನಲ್ಲಿ ಕಟ್ಟಿದರೋ. ಗುರಿ ಹಿಡಿಯುವ ಕ್ಯಾಮೆರಾವನ್ನು ಆ ಕಡೆ ತಿರುಗಿಸಿ ದೊಡ್ಡದು ಮಾಡಿದೆ. ಲಾರಿಗಳ ಸಾಲೊಂದು ದಕ್ಷಿಣಕ್ಕೆ ದಾಟುತ್ತಿತ್ತು. ಎಷ್ಟು ಲಾರಿ ಎಂದು ಅಪ್ಪ ಕೇಳಿದರು. ಎಣಿಸತೊಡಗಿದೆ, ಒಂಬತ್ತರವರೆಗೆ ಬಂದಾಗ ನಮ್ಮ ತಂಡದ ನಾಯಕ ಬಲಕ್ಕೆ ತಿರುಗಿದ, ನಾನೂ ತಿರುಗಿದೆ.